ವಶೀಲಿ ಇಲ್ಲದೆ ಹಾಸ್ಟೆಲ್ ಸೀಟು: ನನ್ನ ಧಾರವಾಡದ ಅನುಭವ

ಡಿಗ್ರಿ ಮೊದಲ ವರ್ಷಕ್ಕೇ ಬಿಸಿಎಂ, ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ, ಹಾಸ್ಟೆಲ್ ಸೀಟು. ಅದೂ ಬಿಎಗೆ, ಅದೂ ಧಾರವಾಡದಲ್ಲಿ, ಅದೂ ಎಮ್ಮೆಲ್ಲೆ ಕಾಗದ ಇಲ್ಲದೆ. ಆಗೋದಿಲ್ಲ ಅಂದವರ ಲೆಕ್ಕ ಇಟ್ಟಿದ್ದೆ, ಒಟ್ಟು ಒಂಬತ್ತು ಜನ. "ವಶೀಲಿ ಇಲ್ಲದ ಅಲ್ಲಿ ಬಕೆಟ್ ಇಡಾಕೂ ಜಾಗಾ ಸಿಗೂದಿಲ್ಲವಾ" ಅಂದಿದ್ದ ಸೋದರಮಾವ ಮೊನ್ನೆ ತನ್ನ ಮಗಳ ಫೈಲು ಹಿಡಿದುಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದ. "ನೀ ಹೆಂಗ ಮಾಡಿದಿ ಹೇಳು" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಅಲ್ಲ.

ಸ್ಕಾಲರ್‌ಶಿಪ್ ಪೋರ್ಟಲ್‌ನ ಎಸ್‌ಎಸ್‌ಪಿ ಐಡಿ ಹೆಂಗೆ ಮಾಡೋದು, ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಎಲ್ಲಿರುತ್ತದೆ, ಹಾಸ್ಟೆಲ್ ಪೋರ್ಟಲ್‌ನಲ್ಲಿ ಎಲ್ಲಿ ಒತ್ತಬೇಕು ಅನ್ನೋದನ್ನೆಲ್ಲ ಬರೆಯೋದಿಲ್ಲ. ಇಲ್ಲೀತನಕ ಓದಿದವರಿಗೆ ಅದೆಲ್ಲ ಗೊತ್ತೇ ಇರುತ್ತದೆ. ಗೊತ್ತಿಲ್ಲದಿದ್ದರೆ ಊರಿನ ಸೈಬರ್ ಅಂಗಡಿಯ ಹುಡುಗನಿಗೆ ಗೊತ್ತು, ಐವತ್ತು ರೂಪಾಯಿ.

ನಮ್ಮೂರು ಬ್ಯಾಡಗಿಯಿಂದ ಎಂಟು ಕಿಲೋಮೀಟರ್. ಅಪ್ಪನದು ಎರಡು ಎಕರೆ ಗೋವಿನಜೋಳ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಾಟೆಯಾಗಿ ಗಾಡಿಗಳಿಗೆ ಬೆಂಕಿ ಬಿತ್ತಲ್ಲ, ಆಮೇಲೆ ಸ್ವಲ್ಪ ದಿನ ಅವ್ವನಿಗೂ ಕೆಲಸ ಇರಲಿಲ್ಲ. ನಾನು ಪಿಯುಸಿ ಪರೀಕ್ಷೆ ಬರೆಯುತ್ತಿದ್ದದ್ದು ಅದೇ ತಿಂಗಳು. ಏಪ್ರಿಲ್ 10ಕ್ಕೆ ರಿಸಲ್ಟ್ ಬಂತು: ಕಲಾ ವಿಭಾಗ, 600ಕ್ಕೆ 431. ಮನೆಯಲ್ಲಿ ಖುಷಿಪಟ್ಟರು, ಊರಲ್ಲಿ ಹಾವೇರಿಗೇ ಹೋಗು ಅಂದರು. ನನಗೆ ಮಾತ್ರ ಧಾರವಾಡದ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜೇ ಬೇಕಾಗಿತ್ತು. 1917ರಿಂದ ನಡೆಯುತ್ತಿರುವ ಕಾಲೇಜು, ಆ ಕಲ್ಲಿನ ಕಟ್ಟಡ ನೋಡಿಯೇ ಮನಸ್ಸು ಸೋತಿದ್ದೆ. ಇಂಥ ಕಾರಣಕ್ಕೆ ಕಾಲೇಜು ಆರಿಸಬಾರದು ಅನ್ನುತ್ತಾರೆ, ನಾನು ಆರಿಸಿದೆ. ಡಿಗ್ರಿ ಪ್ರವೇಶದ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಇರೋದೆಲ್ಲಿ ಅನ್ನೋದು ಆಮೇಲಿನ ಮಾತು ಅಂದುಕೊಂಡಿದ್ದು ನನ್ನ ಮೊದಲ ತಪ್ಪು.

ಎರಡನೇ ತಪ್ಪಿಗೆ 1,500 ರೂಪಾಯಿ ಹೋಯಿತು. ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ "ಹಾಸ್ಟೆಲ್ ಮಾಡಿಸಿ ಕೊಡ್ತೇನ್ರಿ, ಐದು ಸಾವಿರ, ಮೊದಲು ಅಡ್ವಾನ್ಸ್" ಅಂದ. ಅಪ್ಪ ದಲಾಲಿ ಅಂಗಡಿಯಲ್ಲಿ ಕೈಗಡ ತಂದು ಕೊಟ್ಟ. ಆ ಮನುಷ್ಯ ಎರಡು ಸಲ ಫೋನು ಎತ್ತಿದ, ಮೂರನೇ ಸಲದಿಂದ ಎತ್ತಲಿಲ್ಲ. ಈ ವಿಷಯವನ್ನು ಅಪ್ಪ ಇವತ್ತಿಗೂ ಯಾರ ಮುಂದೆಯೂ ಹೇಳೋದಿಲ್ಲ, ನಾನೇ ಹೇಳಿಬಿಡುತ್ತೇನೆ. ಆ ಅಡ್ವಾನ್ಸ್ ಮುಂದೆ ನನ್ನ ಒಟ್ಟು ಖರ್ಚಿನಲ್ಲಿ ಸುಮಾರು ಅರ್ಧ ಆಯಿತು. ಇನ್ನೂ ನಗಬೇಕಾದ ಸಂಗತಿ ಏನಂದರೆ ಹಾಸ್ಟೆಲ್ ಅರ್ಜಿಗೆ ಶುಲ್ಕವೇ ಇಲ್ಲ.

ಮೂರನೆಯದು ಕಾಗದದ್ದು. ನನ್ನ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿದ್ದು ಎಂಟನೇ ಕ್ಲಾಸಿನಲ್ಲಿ, 2019ರಲ್ಲಿ. 2ಎ ವರ್ಗದವರಿಗೆ ಆ ಪತ್ರ ಐದು ವರ್ಷಕ್ಕೆ ಸಾಯುತ್ತದೆ. ಎಂಟನೇ ಕ್ಲಾಸಿಗೆ ಐದು ಕೂಡಿಸಿ ನೋಡಿ, ಸರಿಯಾಗಿ ಡಿಗ್ರಿ ಮೊದಲ ವರ್ಷಕ್ಕೇ ಬಂದು ನಿಲ್ಲುತ್ತದೆ. ಹೈಸ್ಕೂಲಿನ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ ನಮ್ಮಂಥವರೆಲ್ಲ ಹಾಸ್ಟೆಲ್ ಅರ್ಜಿಯಲ್ಲಿ ಮುಗ್ಗರಿಸೋದು ಇಲ್ಲೇ. ಅರ್ಜಿ ತುಂಬಲು ಕೂತಾಗ ಪೋರ್ಟಲ್ ಆ ಪತ್ರದ ನಂಬರನ್ನು ಒಪ್ಪಲೇ ಇಲ್ಲ. ಸರ್ವರ್ ಡೌನ್ ಇರಬೇಕು ಅಂತ ಮೂರು ದಿನ ಕಾದೆ, ದಿನಾ ಸೈಬರ್‌ಗೆ ಇಪ್ಪತ್ತು ರೂಪಾಯಿ. ಸರ್ವರ್ ಚಲೋನೇ ಇತ್ತು.

ಹೊಸ ಪತ್ರಕ್ಕೆ ನಾಡಕಚೇರಿಯಲ್ಲಿ ಶುಲ್ಕ ಮೂವತ್ತೋ ನಲ್ವತ್ತೋ ಕೊಟ್ಟ ನೆನಪು. ತಲಾಟಿಯವರು (ಗ್ರಾಮ ಲೆಕ್ಕಿಗರು) ಪರಿಶೀಲನೆಗೆ ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕು, ಇಲ್ಲದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ನಮ್ಮದು ಹನ್ನೊಂದು ದಿನ ಕೂತಿತು, ಯಾಕೆಂದರೆ ಹಗಲು ಹೊತ್ತು ನಮ್ಮ ಮನೆಗೆ ಬೀಗ. ಕಡೆಗೆ ನಾನೇ ಎರಡು ದಿನ ಹೊಸ್ತಿಲ ಮೇಲೆ ಕೂತು ಕಾದೆ.

ನಾಲ್ಕನೆಯದು ಹೆಸರು. ಹಾವೇರಿ ಕಡೆಯ ನಮ್ಮಂಥವರ ಅಡ್ಡಹೆಸರಿನ ಕೊನೆಗೆ 'ನವರ' ಇರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಕೊನೆಗೊಂದು ಎ ಹಾಕುತ್ತಾರೆ, ಕೆಲವರು ಹಾಕೋದಿಲ್ಲ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಆ ಎ ಇಲ್ಲ, ಆಧಾರ್‌ನಲ್ಲಿ ಇದೆ. ಅಪ್ಪನ ಹೆಸರಂತೂ ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವರಾಜ. ಅಂಕಪಟ್ಟಿ ತಿದ್ದಿಸಲು ಹೋದರೆ ಜನ್ಮ ಹೋಗುತ್ತದೆ, ಆಧಾರ್ ತಿದ್ದಿಸಿದರೆ ವಾರ ಹೋಗುತ್ತದೆ. ಹಾಗಾಗಿ ಅಂಕಪಟ್ಟಿಯನ್ನೇ ದೇವರು ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿದೆ. ಆಧಾರ್ ತಿದ್ದುಪಡಿಗೆ ಆಗ, 2024ರಲ್ಲಿ, ಐವತ್ತು ರೂಪಾಯಿ ಇತ್ತು. ಬ್ಯಾಂಕ್ ಖಾತೆಗೂ ಅದೇ ಹೆಸರು. ಮೊದಲು ಆಧಾರ್, ಆಮೇಲೆ ಜಾತಿ-ಆದಾಯ, ಆಮೇಲೆ ಬ್ಯಾಂಕು: ಈ ಸಾಲು ತಪ್ಪಿಸಬೇಡಿ. ನಾನು ಆದಾಯ ಪತ್ರ ಮೊದಲು ಮಾಡಿಸಿ, ಆಮೇಲೆ ಆಧಾರ್ ತಿದ್ದಿಸಿದೆ. ಮತ್ತೆ ಆದಾಯ ಪತ್ರ ಮಾಡಿಸಬೇಕಾಯಿತು. ಹೊಸ್ತಿಲ ಮೇಲೆ ಮತ್ತೆ ಎರಡು ದಿನ.

ಇಷ್ಟೆಲ್ಲ ಆಗಿ ಅರ್ಜಿ ಹಾಕಿದೆ. ಆಯ್ಕೆಯಲ್ಲಿ ಎಲ್ಲರಂತೆ ಕಾಲೇಜಿಗೆ ಹತ್ತಿರದ ಹಾಸ್ಟೆಲನ್ನೇ ಮೊದಲು ಬರೆದೆ. ಅದು ಐದನೇ ತಪ್ಪು. ನೂರು ಹುಡುಗಿಯರ ಹಾಸ್ಟೆಲ್ ಅಂದರೆ ನೂರೂ ಸೀಟು ಖಾಲಿ ಅಂತಲ್ಲ. ಹಳಬರು ಮುಂದುವರಿಯುತ್ತಾರೆ, ಹೊಸಬರಿಗೆ ಉಳಿಯೋದು ಮೂವತ್ತರ ಆಸುಪಾಸು. ಅದರಲ್ಲಿ ವರ್ಗವಾರು ಹಂಚಿಕೆ, ಅದರೊಳಗೆ ಅಂಕದ ಸಾಲು. ಸೈನ್ಸ್ ಓದಿ ತೊಂಬತ್ತು ಪರ್ಸೆಂಟ್ ತಂದವರ ನಡುವೆ ನನ್ನ ಎಪ್ಪತ್ತೆರಡು ಎಲ್ಲಿ ಕಾಣಬೇಕು? ಪಟ್ಟಿ ಬಂತು, ನಾನಿಲ್ಲ. ವೇಟಿಂಗ್‌ನಲ್ಲಿ ಹತ್ತೊಂಬತ್ತನೆಯವಳು.

ಬಹಳ ಮಂದಿ ಬಿಟ್ಟುಬಿಡೋದು ಇಲ್ಲೇ. "ವಿದ್ಯಾಸಿರಿ ತಗೊ, ಸುಮ್ನ ಇರು" ಅಂದಳು ಸೀನಿಯರ್ ಅಕ್ಕ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ಅಂತ ಸರ್ಕಾರ ಕೊಡುವ ದುಡ್ಡು ಅದು. ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಇತ್ತು, ಒಳ್ಳೆಯದೇ. ಆದರೆ ಧಾರವಾಡದ ಸಪ್ತಾಪುರದಲ್ಲಿ ನಾನು ಕೇಳಿದ ಕಡೆ ಕಾಟ್ ಬೇಸಿಸ್ ರೂಮೇ, ಅಂದರೆ ಒಂದು ಮಂಚದ ಬಾಡಿಗೆಯೇ ಎರಡು ಸಾವಿರ, ಖಾನಾವಳಿಗೆ ಎರಡೂವರೆ. ಕಾಂಪಿಟಿಟಿವ್ ಪರೀಕ್ಷೆಗೆ ಓದುವವರು ಸಾವಿರಗಟ್ಟಲೆ ಬಂದು ತುಂಬಿಕೊಂಡಿರುವ ಓಣಿಗಳು ಅವು, ಅಲ್ಲಿ ಮಂಚಕ್ಕೆ ಇರುವ ಬೆಲೆ ಮನುಷ್ಯರಿಗಿಲ್ಲ. ಹಾಸ್ಟೆಲ್ ಬೇಕು ಅನ್ನುವವರು ವಿದ್ಯಾಸಿರಿಯನ್ನು ಕೈಯಲ್ಲಿಟ್ಟುಕೊಂಡು ಓಡಾಡಲಿಕ್ಕೂ ಆಗೋದಿಲ್ಲ, ಎರಡರಲ್ಲಿ ಒಂದೇ.

ಕ್ಲಾಸು ಶುರುವಾಗಿತ್ತು. ಮೂರು ವಾರ ಊರಿಂದಲೇ ಓಡಾಡಿದೆ. ಶಕ್ತಿ ಯೋಜನೆ ಬಂದು ವರ್ಷವಾಗಿತ್ತು, ನನಗೆ ಜೀರೋ ಟಿಕೆಟ್. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ಬ್ಯಾಡಗಿ, ಹಾವೇರಿ, ಹುಬ್ಬಳ್ಳಿ ದಾಟಿ ಧಾರವಾಡ. ಹೋಗಲಿಕ್ಕೆ ಮೂರು ತಾಸು, ಬರಲಿಕ್ಕೆ ಮೂರೂವರೆ. ದುಡ್ಡು ಹೋಗಲಿಲ್ಲ, ಮೈ ಹೋಯಿತು. ಒಂದು ಮಾತ್ರ ಲಾಭವಾಯಿತು, ಆ ಓಡಾಟದಲ್ಲಿ ಯಾವ ಬಸ್ಸು ಎಷ್ಟಕ್ಕೆ ಎಲ್ಲಿ ಅಂತ ಬರೆದಿಟ್ಟುಕೊಂಡೆ. ಅದರ ಕೆಲಸ ಮುಂದೆ ಹೇಳುತ್ತೇನೆ.

ಆಮೇಲೆ ಸೀಟು ಸಿಗೋತನಕ ಕಾಟ್ ಬೇಸಿಸ್. ಖಾನಾವಳಿ ಖರ್ಚು ಉಳಿಸೋಣ ಅಂತ ಒಂದು ಪ್ರಯೋಗ ಮಾಡಿದೆ. ಅವ್ವ ಅರವತ್ತು ಕಡಕ್ ರೊಟ್ಟಿ ಬಡಿದು ಕೊಟ್ಟಳು, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ದಿನಕ್ಕೆ ನಾಲ್ಕರಂತೆ ಹದಿನೈದು ದಿನ ಅಂತ ಲೆಕ್ಕ. ಎಂಟು ದಿನಕ್ಕೆ ಮುಗಿಯಿತು, ಯಾಕೆಂದರೆ ರೂಮಿನ ಉಳಿದ ಮೂವರೂ ಉತ್ತರ ಕರ್ನಾಟಕದವರೇ. ಮೊಸರು ಕೊಂಡು ತರುವ ಪಾಳಿ ಹಾಕಿಕೊಂಡು ಎರಡನೇ ಕಂತು ಹನ್ನೆರಡು ದಿನಕ್ಕೆ ಎಳೆದೆವು. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತದೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ಕಾಲೇಜಿನ ಒಬ್ಬ ಸರ್, "ನಮ್ಮ ಕಾಲಕ್ಕ ಬುತ್ತಿ ಬಸ್ಸಿನ್ಯಾಗ ಬರ್ತಿತ್ತು, ನಾವು ಸ್ಟ್ಯಾಂಡಿಗೆ ಹೋಗಿ ಇಳಿಸ್ಕೋತಿದ್ವಿ" ಅಂದರು. ನಾನೂ ಮಾಡಿ ನೋಡಿದೆ. ಹಾವೇರಿಯಲ್ಲಿ ಅಪ್ಪ ಕಂಡಕ್ಟರ್ ಕೈಗೆ ಕೊಟ್ಟ, ನಾನು ಧಾರವಾಡದಲ್ಲಿ ಕಾದೆ. ಮೊದಲ ಸಲ ಬಂತು. ಎರಡನೇ ಸಲ ನಾನು ಹತ್ತು ನಿಮಿಷ ತಡ, ಬುತ್ತಿ ಬೆಳಗಾವಿಗೆ ಹೋಯಿತು. ಮರುದಿನ ಡಬ್ಬಿ ವಾಪಸು ಬಂತು, ರೊಟ್ಟಿ ಬರಲಿಲ್ಲ. ಯಾರು ತಿಂದರೋ, ಅವ್ವನ ಕೈರುಚಿ ಬೆಳಗಾವಿಗೂ ತಲುಪಿದ್ದು ಖರೆ. ಪ್ರಯೋಗ ಅಲ್ಲಿಗೆ ಬಂದ್.

ಈಗ ಸೀಟಿನ ವಿಷಯ.

ಕಾಟ್ ಬೇಸಿಸ್‌ನಲ್ಲಿ ನನ್ನ ಪಕ್ಕದ ಮಂಚದವಳು ಬಿಎಸ್ಸಿಗೆ ಸೇರಿದ್ದಳು. ಒಂದು ರಾತ್ರಿ ಟ್ರಂಕು ಕಟ್ಟುತ್ತಿದ್ದಳು. ಎಲ್ಲಿಗೆ ಅಂದೆ. "ಇಂಜಿನಿಯರಿಂಗ್ ಆತು, ಮೊದಲ ರೌಂಡ್‌ನ್ಯಾಗ." ಆ ವರ್ಷ ನೀಟ್ ಗದ್ದಲದಿಂದಾಗಿ ಸಿಇಟಿ ಕೌನ್ಸೆಲಿಂಗ್ ಎಳೆದು ಎಳೆದು, ಮೊದಲ ಸುತ್ತಿನ ಹಂಚಿಕೆ ಆಗುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ನನಗೆ ತಲೆಯಲ್ಲಿ ಗಂಟೆ ಹೊಡೆದ ಹಾಗಾಯಿತು. ಇವಳಂತೆ ಬಿಎಸ್ಸಿಗೆ 'ಸದ್ಯಕ್ಕೆ' ಸೇರಿ ಹಾಸ್ಟೆಲ್ ಹಿಡಿದವರು ಎಷ್ಟು ಮಂದಿ ಇರಬಹುದು? ಅಂಕದ ಸಾಲಿನಲ್ಲಿ ನನ್ನ ಮುಂದೆ ನಿಂತ ತೊಂಬತ್ತು ಪರ್ಸೆಂಟಿನವರೇ ಅವರು. ಅವರು ಹೋದರೆ ಮಂಚ ಖಾಲಿ. ಆದರೆ ಆ ಖಾಲಿತನ ಕಾಗದದ ಮೇಲೆ ಬರಲು ದಿನ ಹಿಡಿಯುತ್ತದೆ: ಹುಡುಗಿ ಹೇಳದೆ ಹೋಗಿರುತ್ತಾಳೆ, ವಾರ್ಡನ್ ಹಾಜರಿ ನೋಡಬೇಕು, ವರದಿ ಕಳಿಸಬೇಕು, ಆಮೇಲೆ ಕಚೇರಿಯವರು ವೇಟಿಂಗ್ ಸಾಲು ತೆಗೆಯಬೇಕು. ಸಾಲು ತೆಗೆದ ದಿನ ಎದುರಿಗೆ ಯಾರು ಇರುತ್ತಾರೆ, ಯಾರ ಕಾಗದ ಪೂರ್ತಿ ಇರುತ್ತದೆ, ಆಟ ಇಷ್ಟೇ.

ನನ್ನ ಮುಂದಿನ ಹದಿನೆಂಟು ಮಂದಿಯನ್ನು ನಾನು ಹಾರಿ ಹೋಗಲಿಲ್ಲ, ಅದು ಮೊದಲೇ ಸ್ಪಷ್ಟ ಇರಲಿ. ಅವರೇ ಕರಗಿದರು. ಆಮೇಲೆ ತಿಳಿದ ಪ್ರಕಾರ ಆರೇಳು ಮಂದಿ ವಿದ್ಯಾಸಿರಿ ತಗೊಂಡಿದ್ದರು, ನಾಲ್ಕೈದು ಮಂದಿ ಬೇರೆ ಕೋರ್ಸಿಗೆ ಹೋಗಿದ್ದರು, ಇಬ್ಬರ ಫೋನು ಸ್ವಿಚ್ ಆಫ್, ಉಳಿದವರಲ್ಲಿ ಕೆಲವರು ಒಳಗೆ ಹೋದರು, ಒಬ್ಬಳ ಆದಾಯ ಪತ್ರದ ಅವಧಿ ಮುಗಿದಿತ್ತು. ಎಂಟನೇ ಕ್ಲಾಸಿಂದು.

ನಾನು ಮಾಡಿದ್ದು ಏನಂದರೆ, ಮೊದಲು ಕೈಬರಹದಲ್ಲಿ ಒಂದು ಪುಟದ ಮನವಿ ಬರೆದು ಬಿಸಿಎಂ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿ ಆವಕ ಸಂಖ್ಯೆ ಬರೆಸಿಕೊಂಡೆ. ಬಾಯಿಮಾತಿನಲ್ಲಿ "ಸರ್, ಸೀಟ್ ಐತೇನ್ರಿ" ಅಂತ ಕೇಳುವವರು ದಿನಕ್ಕೆ ಐವತ್ತು ಮಂದಿ, ಅವರ ಮುಖ ಯಾರಿಗೂ ನೆನಪಿರೋದಿಲ್ಲ. "ಇಷ್ಟನೇ ನಂಬರಿನ ಅರ್ಜಿ ಏನಾತ್ರಿ" ಅಂದರೆ ಗುಮಾಸ್ತರು ಒಮ್ಮೆಯಾದರೂ ರಿಜಿಸ್ಟರ್ ತಿರುವುತ್ತಾರೆ. ನಾಲ್ಕನೇ ಸಲ ಹೋದಾಗ ಆ ನಂಬರನ್ನು ಅವರೇ ಹೇಳಿದರು. ಮನವಿಯಲ್ಲಿ ಮೂರು ಪ್ಯಾರಾ ಇದ್ದವು. ಮೊದಲ ಎರಡು ಎಲ್ಲರೂ ಬರೆಯುವಂಥವೇ. ಮೂರನೆಯದನ್ನು ಇಲ್ಲಿ ಬರೆಯೋದಿಲ್ಲ, ಮುಂದಿನ ವರ್ಷ ನನ್ನ ತಂಗಿ ಬರೆಯಬೇಕಾಗಿದೆ. ಸುಳ್ಳು ಬರೆದಿಲ್ಲ, ಅತ್ತುಕೊಂಡೂ ಬರೆದಿಲ್ಲ, ಅಷ್ಟು ಹೇಳಬಲ್ಲೆ.

ಎರಡನೆಯದು ಆಯ್ಕೆ. ಅದೇ ಮನವಿಯಲ್ಲಿ, ಯಾವ ಹಾಸ್ಟೆಲ್ ಖಾಲಿ ಇದ್ದರೂ ಒಪ್ಪಿಗೆ ಅಂತ ಬರೆದುಕೊಟ್ಟೆ. ಎಲ್ಲರಿಗೂ ಕಾಲೇಜು ಗೇಟಿನ ಎದುರಿಗೇ ಮಲಗಬೇಕು. ನಾಲ್ಕು ಕಿಲೋಮೀಟರ್ ದೂರದ ಬಾಡಿಗೆ ಕಟ್ಟಡದ ಹಾಸ್ಟೆಲ್ ಅಂದರೆ ಮೂಗು ಮುರಿಯುತ್ತಾರೆ. ನನಗೆ ಸಿಟಿ ಬಸ್ಸೂ ಫ್ರೀ ಇರುವಾಗ ನಾಲ್ಕು ಕಿಲೋಮೀಟರ್ ಯಾವ ಲೆಕ್ಕ? ದಿನಾ ಆರೂವರೆ ತಾಸು ಬಸ್ಸಿನಲ್ಲಿ ಕೂತವಳು ನಾನು. ಯಾವ ಹಾಸ್ಟೆಲ್ ಅಂತ ಮಾತ್ರ ಕೇಳಬೇಡಿ, ಅಲ್ಲಿ ಈಗಲೂ ಪೈಪೋಟಿ ಕಡಿಮೆ.

ಮೂರನೆಯದು ಫೈಲು. ಇದನ್ನು ಪೂರ್ತಿ ಹೇಳುತ್ತೇನೆ, ಯಾರೂ ಹೇಳೋದಿಲ್ಲ. ಪಾಲಕರ ಮುಚ್ಚಳಿಕೆ ಪತ್ರಕ್ಕೆ ಅಪ್ಪನ ಸಹಿ ಬೇಕು. ಅಪ್ಪ ಇರೋದು ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ. ಸೀಟು ಬಂತು ಅಂತ ತಿಳಿದ ಮೇಲೆ ಊರಿಗೆ ಹೋಗಿ ಸಹಿ ಹಾಕಿಸಿ ತರುವಷ್ಟರಲ್ಲಿ ಎರಡು ದಿನ ಹೋಗುತ್ತದೆ, ಆ ಎರಡು ದಿನದಲ್ಲಿ ಇನ್ನೊಬ್ಬಳು ಬಂದಿರುತ್ತಾಳೆ. ನಾನು ಎರಡು ಪ್ರತಿ ಮೊದಲೇ ತಯಾರು ಮಾಡಿ, ಅಪ್ಪನಿಗೆ ಪೂರ್ತಿ ಓದಿ ಹೇಳಿ, ಸಹಿ ಹಾಕಿಸಿ ಇಟ್ಟುಕೊಂಡಿದ್ದೆ. ಜೊತೆಗೆ ಎಲ್ಲದರ ಜೆರಾಕ್ಸ್ ಮೂರು ಸೆಟ್, ಫೋಟೋ ಎಂಟು, ಕಾಲೇಜಿನ ಸ್ಟಡಿ ಸರ್ಟಿಫಿಕೇಟ್, ಫೀ ಕಟ್ಟಿದ ರಸೀದಿ. ಫೈಲು ಸದಾ ಚೀಲದಲ್ಲಿ. ಗೆಳತಿಯರು ನನಗೆ 'ಫೈಲಕ್ಕ' ಅಂತ ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ.

ಇನ್ನು ನನ್ನ ಬಸ್ಸಿನ ಟಿಪ್ಪಣಿ. ವಾರಕ್ಕೆ ಎರಡು ಸಲ ಕಚೇರಿಗೆ ಹೋಗಬೇಕು, ಆದರೆ ಹಾಜರಿ 75 ಪರ್ಸೆಂಟಿಗಿಂತ ಕೆಳಗೆ ಬೀಳಬಾರದು. ಯಾವ ಬಸ್ಸಿಗೆ ಹೋದರೆ ಮೊದಲ ಪೀರಿಯಡ್ ಮುಗಿಸಿ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬಹುದು ಅನ್ನೋದು ಆ ಟಿಪ್ಪಣಿಯಲ್ಲಿತ್ತು. ಮಧ್ಯಾಹ್ನ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಸೋಮವಾರ ಹೋಗಲೇಬಾರದು, ವಾರದ ಗದ್ದಲವೆಲ್ಲ ಅಂದೇ. ನನ್ನ ಅನುಭವಕ್ಕೆ ಬುಧವಾರ ಮತ್ತು ಶುಕ್ರವಾರ ಚಲೋ. ಅಪ್ಪ ಬಂದಿದ್ದರೆ ಪ್ರತಿ ಸಲ ಟಿಕೆಟ್‌ಗೇ ಇನ್ನೂರೈವತ್ತು, ಮುನ್ನೂರು ಆಗುತ್ತಿತ್ತು, ಒಂದು ದಿನದ ಕೂಲಿ ಬೇರೆ. ಒಬ್ಬಳೇ ಓಡಾಡಿದ್ದರಿಂದ ಅದೂ ಉಳಿಯಿತು. "ಹೆಣ್ಣ ಹುಡುಗಿ ಒಬ್ಬಾಕಿನ ಆಫೀಸಿಗೆ ಅಡ್ಯಾಡತಾಳ" ಅಂತ ಊರಲ್ಲಿ ಮಾತು ಬಂತು. ಅಂದವರ ಮಗ ವಶೀಲಿ ಹಿಡಿದು ಹಾಕಿದ ಅರ್ಜಿ ಆ ವರ್ಷ ಎಲ್ಲಿಗೆ ಬಂತು ಅಂತ ನಾನು ಕೇಳಲಿಲ್ಲ.

ಒಟ್ಟು ಹನ್ನೊಂದೋ ಹನ್ನೆರಡೋ ಸಲ ಹೋಗಿರಬೇಕು. ಏಳನೇ ಸಲ ಒಬ್ಬರು ರೇಗಿದರು: "ಎಷ್ಟ ಸಲ ಬರ್ತೀಯವಾ, ಆದ್ರ ಫೋನ್ ಮಾಡ್ತೀವಲ್ಲ!" ನಾನು "ಹೌದ್ರಿ ಸರ್, ಈ ಕಡೆ ಬಂದಿದ್ದೆ, ಹಂಗ ಬಂದೆ" ಅಂದೆ. ಎದುರು ಮಾತಾಡಬಾರದು, ಹೋಗೋದನ್ನೂ ಬಿಡಬಾರದು. ಚಿಕ್ಕಪ್ಪನ ಮಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಜಡಿ ಅಂದಿದ್ದ. ಅದಕ್ಕೆ ಉತ್ತರ ಬರಲು ಮೂವತ್ತು ದಿನ, ನನಗೆ ಬೇಕಾಗಿದ್ದು ಉತ್ತರ ಅಲ್ಲ, ಮಂಚ.

ಅಕ್ಟೋಬರ್ ಎರಡನೇ ವಾರ, ದಸರಾ ರಜೆಗೆ ಎಲ್ಲರೂ ಊರಿಗೆ ಹೋಗುವ ತಯಾರಿಯಲ್ಲಿದ್ದರು. ನಾನು ಬುಧವಾರ ಎಂದಿನಂತೆ ಹೋದೆ. ಗುಮಾಸ್ತರು ಮುಖ ನೋಡಿದವರೇ, "ಫೈಲ್ ತಂದಿಯೇನು?" ಅಂದರು. ಆ ವಾರ ಎರಡು ಹಾಸ್ಟೆಲ್‌ನಿಂದ ಖಾಲಿ ಸೀಟಿನ ವರದಿ ಬಂದಿತ್ತಂತೆ. ಸಾಲಿನಲ್ಲಿ ನನ್ನ ಮುಂದೆ ಉಳಿದವರು ಮೂವರು. ಒಬ್ಬಳು ಬೇಡ ಅಂದಿದ್ದಳು, ಇಬ್ಬರು ಹತ್ತಿರದ ಹಾಸ್ಟೆಲ್ ಮಾತ್ರ ಬೇಕು ಅಂತ ಬರೆದಿದ್ದರು. ದೂರದ್ದು ನನಗೆ. ಮುಚ್ಚಳಿಕೆ ಕೇಳಿದರು, ಕೊಟ್ಟೆ. "ಪಾಲಕರ ಸಹಿ?" "ಆಗೇತ್ರಿ." ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ಅದೇ ಸಂಜೆ ಆದೇಶದ ಪ್ರತಿ ನನ್ನ ಕೈಯಲ್ಲಿ. ಸಪ್ತಾಪುರದ ಮಂಚದ ಮಾಲಕಿ ಉಳಿದ ಹದಿನಾಲ್ಕು ದಿನದ ಬಾಡಿಗೆ ವಾಪಸು ಕೊಡಲಿಲ್ಲ. ಬಕೆಟ್ ಮಾತ್ರ ಕೊಟ್ಟರು, ಅದು ನನ್ನದೇ ಆಗಿತ್ತು.

ಖರ್ಚು ನೆನಪಿದ್ದಷ್ಟು: ಏಜೆಂಟನಿಗೆ 1,500, ಸೈಬರ್ ಮತ್ತು ಜೆರಾಕ್ಸ್‌ಗೆ ಆರುನೂರು, ನಾಡಕಚೇರಿ ಎರಡು ಸಲ, ಆಧಾರ್ ಒಂದು ಸಲ, ಫೋಟೋ, ಚಹಾ ಎಲ್ಲ ಸೇರಿ ನಾನೂರು, ಅಪ್ಪ ಒಂದೇ ಒಂದು ಸಲ ಬಂದಿದ್ದಕ್ಕೆ ಮುನ್ನೂರು. 2,800 ಅಂತ ಇಟ್ಟುಕೊಳ್ಳಿ, ಏಜೆಂಟನನ್ನು ಬಿಟ್ಟರೆ 1,300. ಕಾಟ್ ಬೇಸಿಸ್ ತಿಂಗಳ ಎರಡು ಸಾವಿರ ಬೇರೆ, ಅದು ಅವ್ವನ ಒಂದು ತಿಂಗಳ ಗೃಹಲಕ್ಷ್ಮಿ. ಹಾಸ್ಟೆಲ್‌ನಲ್ಲಿ ಊಟ, ಇರೋದು ಎಲ್ಲ ಉಚಿತ.

ಹಾಸ್ಟೆಲ್ ಸ್ವರ್ಗ ಅಂತೇನೂ ಬರೆಯೋದಿಲ್ಲ. ಒಂದು ರೂಮಿಗೆ ಆರು ಮಂದಿ, ಬೆಳಿಗ್ಗೆ ನೀರಿಗೆ ಪಾಳಿ, ಸಾಂಬಾರು ತೆಳ್ಳಗೆ. ಅವ್ವನ ರೊಟ್ಟಿ ಇಲ್ಲೂ ಎಂಟೇ ದಿನಕ್ಕೆ ಮುಗಿಯುತ್ತದೆ.

ಈಗ ತಂಗಿಯದು ಶುರುವಾಗಿದೆ. ಪಿಯುಸಿ ಪರೀಕ್ಷೆಗೆ ಇನ್ನೂ ಐದು ತಿಂಗಳಿದೆ, ಆದರೆ ಅವಳ ಆಧಾರ್‌ನಲ್ಲೂ ಆ ಕೊನೆಯ ಎ ಇತ್ತು, ಕಳೆದ ವಾರ ತೆಗೆಸಿದೆವು. ಮಾಮನ ಮಗಳ ಪತ್ರವೂ ನೋಡಿದೆ, ಅದೂ ಎಂಟನೇ ಕ್ಲಾಸಿಂದೇ. ಇಬ್ಬರದೂ ಹೊಸದಾಗಿ ಹಾಕಿದ್ದೇವೆ. ತಲಾಟಿಯವರು ಸೋಮವಾರ ಬರ್ತೇನಿ ಅಂದಿದ್ದಾರಂತೆ. ಸೋಮವಾರ ಬ್ಯಾಡಗಿ ಮಾರುಕಟ್ಟೆ, ಮನೆಯಲ್ಲಿ ಯಾರೂ ಇರೋದಿಲ್ಲ. ಮಾಮನನ್ನೇ ಹೊಸ್ತಿಲ ಮೇಲೆ ಕೂರಿಸಬೇಕು.